ಷರಾ

ನನ್ನ ಸೋದರತ್ತೆಗೆ ಎಂಬತ್ತು ದಾಟಿದ ಮೇಲೂ ಒಂದು ಅನುಮಾನ ಉಳಿದೇ ಇತ್ತು: ಈ ಹುಡುಗ ಬೆಂಗಳೂರಿನಲ್ಲಿ ಹೊಟ್ಟೆಪಾಡಿಗೆ ಮಾಡುವುದಾದರೂ ಏನು? ಇಂಜಿನಿಯರು ಅಂದರೆ ಯಾವ ಸೇತುವೆ ಕಟ್ಟಿಸಿದ್ದು ಎಂದು ಕೇಳುವ ಕಾಲದವಳು. ಒಮ್ಮೆ ಚೌತಿಗೆ ಊರಿಗೆ ಹೋದಾಗ, ಚಕ್ಕುಲಿ ಒತ್ತುವಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ವಿಚಾರಣೆಗೇ ತೊಡಗಿದಳು.

“ತಮಾ, ನೀ ಅಲ್ಲಿ ಎಂತ ಮಾಡ್ತೆ? ಸರೀ ಬಿಡ್ಸಿ ಹೇಳು.”

ಡೇಟಾಬೇಸು, ರೆಕಾರ್ಡು, ಗ್ರಿಡ್ಡು ಎಂದೆಲ್ಲ ಶುರು ಮಾಡಿ, ಅವಳ ಮುಖ ನೋಡಿ ಅರ್ಧಕ್ಕೇ ಬಿಟ್ಟು, ಕೊನೆಗೆ ಇಷ್ಟಕ್ಕೆ ಇಳಿಸಿದೆ: ಒಳಗೆ ಒಂದು ಕಡೆ ರಾಶಿ ಮಾಹಿತಿ ಬಿದ್ದಿರುತ್ತದೆ, ಕೇಳಿದವರ ಎದುರಿಗೆ ಅದನ್ನು ಸಾಲಾಗಿ, ಚೊಕ್ಕವಾಗಿ ತಂದು ಇಡುವುದು ನನ್ನ ಕೆಲಸ.

“ಹಂಗಾರೆ ಬಡಸ ಕೆಲಸ ಹೇಳಿ ಆತು,” ಎಂದವಳೇ ಚಕ್ಕುಲಿ ಕಡೆ ತಿರುಗಿದಳು. ವಿಚಾರಣೆ ಮುಗಿದಿತ್ತು.

ಯೋಚಿಸಿದಷ್ಟೂ ಅತ್ತೆಯ ತೀರ್ಪೇ ಸರಿ ಅನ್ನಿಸುತ್ತ ಬಂದಿದೆ. ನನ್ನ ನೌಕರಿಯ ಮುಕ್ಕಾಲು ಪಾಲು ಕಳೆದದ್ದು ಒಳಗಿನ ಟೇಬಲ್ಲನ್ನು ಪರದೆಯ ಮೇಲೆ ಟೇಬಲ್ಲಾಗಿ ತೋರಿಸುವುದರಲ್ಲಿ. ಅದರಲ್ಲೇನಿದೆ, ಟೇಬಲ್ಲು ಮೊದಲೇ ಟೇಬಲ್ಲಲ್ಲವೇ ಎಂದು ಕೇಳುವವರು ಮದುವೆ ಮನೆಯಲ್ಲಿ ಒಂದು ದಿನವೂ ಬಡಿಸಿದವರಲ್ಲ. ಅಡಿಗೆಮನೆಯಲ್ಲಿ ಕೊಪ್ಪರಿಗೆ ಎಲ್ಲಿದೆ, ಸೌಟು ಎಲ್ಲಿದೆ ಎಂಬುದು ಉಣ್ಣುವವರಿಗೆ ಬೇಡ. ಅವರಿಗೆ ಬೇಕಾದದ್ದು ಎದುರಿಗಿನ ಬಾಳೆಲೆ. ಎಲೆಗೂ ಕಾಲಂಗಳಿವೆ. ಉಪ್ಪಿಗೊಂದು ಜಾಗ, ಉಪ್ಪಿನಕಾಯಿಗೊಂದು, ಕೋಸಂಬರಿಗೆ ಇಂಥ ಕಡೆ, ಅನ್ನ ನಡುವೆ. ಪಾಯಸವನ್ನು ಉಪ್ಪಿನ ಮೇಲೆ ಸುರಿದವನನ್ನು ಮುಂದಿನ ಮದುವೆಗೆ ಯಾರೂ ಬಡಿಸಲು ಕರೆಯುವುದಿಲ್ಲ. ನನ್ನನ್ನು ಮಾತ್ರ ಕರೆಯುತ್ತಲೇ ಬಂದರು.

ಮೊದಲ ಸಲ ಕರೆದದ್ದು 2003ರ ಮಳೆಗಾಲದಲ್ಲಿ. ನಮ್ಮ ಘಟ್ಟದ ಮೇಲಿನ ಒಂದು ಸೇವಾ ಸಹಕಾರಿ ಸಂಘ (ಹೆಸರು ಬೇಡ, ಅಲ್ಲಿ ನನ್ನದಿನ್ನೂ ಎರಡು ಷೇರಿದೆ) ಕಂಪ್ಯೂಟರ್ ಕೊಂಡಿತ್ತು. ಊರ ಹುಡುಗ, ಕೆಲಸ ಗೊತ್ತು, ದುಡ್ಡು ಹೆಚ್ಚು ಕೇಳಲಾರ ಎಂಬ ಮೂರು ಅರ್ಹತೆಗಳ ಮೇಲೆ ನನಗೆ ಬುಲಾವ್ ಬಂತು. ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಕಸೂತಿಯ ಬಟ್ಟೆ ಹೊದಿಸಿ ಕೂರಿಸಿದ್ದರು. ದಪ್ಪ ಬೆನ್ನಿನ ಮಾನಿಟರು. ಅಡ್ಡಕ್ಕೆ 800 ಚುಕ್ಕಿ, ಮೇಲಿನಿಂದ ಕೆಳಕ್ಕೆ 600. ಅದರ ಪಕ್ಕದಲ್ಲೇ ಸದಸ್ಯರ ಖಾತೆ ಪುಸ್ತಕ. ಬಿಚ್ಚಿದರೆ ಮೇಜನ್ನೇ ತುಂಬುವ ಆ ಪುಸ್ತಕಕ್ಕೆ ಕೆಂಪು ಬಟ್ಟೆಯ ಕಟ್ಟು, ಹದಿನಾಲ್ಕು ಕಾಲಂ. ಮೊದಲನೆಯದು ಅನುಕ್ರಮ ಸಂಖ್ಯೆ, ಕೊನೆಯದು ಷರಾ.

ಷರಾ ಎಂಬ ಪದ ಸರಕಾರಿ ನಮೂನೆಗಳ ಹೊರಗೆ ಈಗ ಹೆಚ್ಚಾಗಿ ಕಾಣುವುದಿಲ್ಲ. ಮರಾಠಿಯವರಲ್ಲಿ ಅದು ಶೇರಾ. ಯಾವ ರಿಜಿಸ್ಟರಾದರೂ ಸರಿ, ಜನನ ಮರಣದ್ದೋ ಜಾನುವಾರಿನದ್ದೋ ಅಂಗನವಾಡಿ ಮೊಟ್ಟೆಯದ್ದೋ, ಗೆರೆಗಳೆಲ್ಲ ಮುಗಿದು ಬಲತುದಿಯಲ್ಲಿ ಉಳಿದ ಜಾಗಕ್ಕೆ ಆ ಹೆಸರು. ಉಳಿದ ಕಾಲಂಗಳಲ್ಲಿ ಏನು ಬರೆಯಬೇಕೆಂದು ಸರಕಾರ ಹೇಳುತ್ತದೆ. ಇದರಲ್ಲಿ ಮಾತ್ರ ಗುಮಾಸ್ತನೇ ಸರಕಾರ. ಕಾಲಂಗಳ ವಿಷಯದಲ್ಲಿ ನಮ್ಮ ಜನ ಯಾವ ಪ್ರೋಗ್ರಾಮರಿಗೂ ಕಡಿಮೆಯಲ್ಲ. ಪಹಣಿ ನೋಡಿದ ರೈತನನ್ನು ಕೇಳಿ. ‘ಒಂಬತ್ತರಲ್ಲಿ ನನ್ನ ಹೆಸರೇ ಇದೆ, ಹನ್ನೊಂದರಲ್ಲಿ ಬ್ಯಾಂಕಿನದ್ದು ಕೂತಿದೆ’ ಅನ್ನುತ್ತಾನೆ. ಮಾಲಕಿ, ಋಣ ಎಂಬ ಪದಗಳನ್ನೇ ಆಡದೆ, ಕಾಲಂ ನಂಬರಿನಲ್ಲೇ ಸುಖದುಃಖ ಹೇಳಿಕೊಳ್ಳುವ ಜನ ನಾವು.

ಇನ್ನು ನನ್ನ ಪರಾಕ್ರಮ. ಕೈಯಲ್ಲಿ ಇದ್ದದ್ದು ವಿಷುಯಲ್ ಬೇಸಿಕ್ 6, ಅಡಿಗೆಮನೆಗೆ ಆಕ್ಸೆಸ್. ಎಡಗಡೆಯ ಸಾಮಾನು ಪೆಟ್ಟಿಗೆಯಿಂದ ಡೇಟಾಗ್ರಿಡ್ ಎಂಬುದನ್ನು ಎಳೆದು ಫಾರಂ ಮೇಲೆ ಬಿಡುವುದು, ಪಕ್ಕದಲ್ಲೊಂದು ಡೇಟಾ ಕಂಟ್ರೋಲ್ ಇಟ್ಟು ಅದಕ್ಕೆ ಆಕ್ಸೆಸ್ ಕಡತದ ದಾರಿ ತೋರಿಸುವುದು, ಎರಡಕ್ಕೂ ಗಂಟು ಹಾಕುವುದು, ಎಫ್5 ಒತ್ತುವುದು. ಒಂದು ಸಾಲೂ ಕೋಡ್ ಬರೆಯದೆ ಮುನ್ನೂರು ಚಿಲ್ಲರೆ ಸದಸ್ಯರು ಪರದೆಯ ಮೇಲೆ ಸಾಲಾಗಿ ಬಂದು ನಿಂತುಬಿಟ್ಟರು. ಅಧ್ಯಕ್ಷರು ಕುರ್ಚಿ ಎಳೆದುಕೊಂಡು ಕೂತರು. ಕಾರ್ಯದರ್ಶಿಗಳು ನಿಂತೇ ನೋಡಿದರು. ನನಗೆ ಕಷಾಯ ಬಂತು, ಅದರ ಹಿಂದೆ ಒಂದು ಪ್ಲೇಟು ಅವಲಕ್ಕಿಯೂ ಬಂತು.

ಈ ಮೋಡಿ ನಮ್ಮ ಕಾಲದ್ದೇನೂ ಅಲ್ಲ. ಡಿಬೇಸ್ ಓಡಿಸಿದ ನನ್ನ ಹಿರಿಯ ಸಹೋದ್ಯೋಗಿಗಳು ‘ಬ್ರೌಸ್’ ಎಂದು ಒಂದೇ ಪದ ಟೈಪಿಸಿ ಎಂಟರ್ ಒತ್ತುತ್ತಿದ್ದರು. ಇಡೀ ಟೇಬಲ್ಲು ಕಪ್ಪು ಪರದೆಯ ಮೇಲೆ ಬಿಚ್ಚಿಕೊಳ್ಳುತ್ತಿತ್ತು. ಆ ಡಿಬೇಸ್‌ನ ಮೂಲಪುರುಷ ವೇನ್ ರಾಟ್ಲಿಫ್, ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಕೆಲಸಕ್ಕಿದ್ದವರು, ಅದನ್ನು ಬರೆಯಲು ಶುರು ಮಾಡಿದ್ದು ಆಫೀಸಿನ ಫುಟ್‌ಬಾಲ್ ಬಾಜಿಯಲ್ಲಿ ಗೆಲ್ಲುವುದಕ್ಕೆ. ಬಾಜಿಯ ಚೀಟಿ ಲೆಕ್ಕವೇ ಮುಂದೆ ಜಗತ್ತಿನ ಅಂಗಡಿ, ಆಸ್ಪತ್ರೆ, ಸಂಘಗಳ ಲೆಕ್ಕವಾಯಿತು. ನಮ್ಮೂರ ಓಸಿ ಚೀಟಿಯವರ ಪ್ರತಿಭೆಗೆ ಅಂಥ ಅವಕಾಶ ಸಿಗಲಿಲ್ಲ.

ನನ್ನ ಮೋಡಿ ಒಂದೇ ವಾರಕ್ಕೆ ತಿರುಗಿ ಬಿತ್ತು. ಡೇಟಾಗ್ರಿಡ್‌ನಲ್ಲಿ ತಿದ್ದಲು ಅನುಮತಿ ಎಂಬ ಒಂದು ಗುಣವಿದೆ; ನೀವು ಮುಟ್ಟದಿದ್ದರೆ ಅದು ‘ಹೌದು’ ಎಂದೇ ಇರುತ್ತದೆ. ನಾನು ಮುಟ್ಟಿರಲಿಲ್ಲ. ಅಧ್ಯಕ್ಷರಿಗೆ ಸಂಜೆ ಹೊತ್ತು ಗ್ರಿಡ್ಡಿನ ಎದುರು ಕೂತು ಯಾರ್ಯಾರ ಸಾಲ ಎಷ್ಟೆಷ್ಟು ಎಂದು ಕೆಳಮುಖದ ಬಾಣ ಒತ್ತುತ್ತ ಹೋಗುವ ಅಭ್ಯಾಸ ಬೆಳೆದಿತ್ತು. ಹಾಗೆ ಹೋಗುವಾಗ ಒಂದು ದಿನ ಮೊಣಕೈ ತಾಗಿ 5 ಒತ್ತಿಹೋಗಿದೆ. ಸಾಲ ಬಾಕಿ ಕಾಲಂನಲ್ಲಿದ್ದ 45,000 ಅಳಿಸಿ 5 ಕೂತಿದೆ. ಅವರು ಗಮನಿಸದೆ ಬಾಣ ಒತ್ತಿ ಕೆಳಗಿನ ಸಾಲಿಗೆ ಇಳಿದಿದ್ದಾರೆ. ಸಾಲು ಬಿಟ್ಟು ಇಳಿದರೆ ‘ಬರೆದುಕೋ’ ಎಂದು ಅರ್ಥ, ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ತಿಂಗಳ ಕೊನೆಗೆ ತಾಳೆ ಬೀಳದೆ ಮೂರು ರಾತ್ರಿ ಲೆಕ್ಕ ತಡಕಿದ ಮೇಲೆ ಸಂಗತಿ ಸಿಕ್ಕಿತು. ಸಾಲ ಮನ್ನಾ ಮಾಡಲು ಸರಕಾರಗಳು ಎಷ್ಟು ಸದ್ದು ಮಾಡುತ್ತವೆ. ನಮ್ಮ ಅಧ್ಯಕ್ಷರು ಮೊಣಕೈಯಲ್ಲೇ ಮುಗಿಸಿದ್ದರು.

ಖಾತೆ ಪುಸ್ತಕದಲ್ಲಾದರೆ ಹೀಗಾಗುವಂತಿಲ್ಲ ಎಂದರು ಕಾರ್ಯದರ್ಶಿಗಳು. ಅಲ್ಲಿ ತಿದ್ದಬೇಕೆಂದರೆ ಅಡ್ಡಗೆರೆ ಎಳೆಯಬೇಕು, ಮೇಲೆ ಬರೆಯಬೇಕು, ಪಕ್ಕದಲ್ಲಿ ಸಣ್ಣ ಸಹಿ ಹಾಕಬೇಕು. ತಪ್ಪೂ ಉಳಿಯುತ್ತದೆ, ತಿದ್ದಿದವನೂ ಉಳಿಯುತ್ತಾನೆ. ನಾನು ಮರುಮಾತಾಡದೆ ‘ಹೌದು’ ಇದ್ದದ್ದನ್ನು ‘ಅಲ್ಲ’ ಮಾಡಿದೆ.

ಆಮೇಲೆ ಕನ್ನಡದ ಕಥೆ. ಸಂಘದ ಯಂತ್ರದಲ್ಲಿದ್ದ ವಿಂಡೋಸ್ 98ಕ್ಕೆ ಕನ್ನಡ ಗೊತ್ತಿರಲಿಲ್ಲ. ಯೂನಿಕೋಡ್ ಕನ್ನಡವನ್ನು ಮೈಕ್ರೋಸಾಫ್ಟ್‌ನವರು ತಂದದ್ದು ಎಕ್ಸ್‌ಪಿಯಲ್ಲಿ. ತಂದಿದ್ದರೂ ವಿಷುಯಲ್ ಬೇಸಿಕ್‌ನ ಗ್ರಿಡ್ಡು, ಬಟನ್ನುಗಳಿಗೆ ಅದು ತಿಳಿಯುತ್ತಿರಲಿಲ್ಲ. ಹಾಗಾಗಿ ನುಡಿಯೋ ಬರಹವೋ, ಅವುಗಳ ಫಾಂಟಿನಲ್ಲೇ ಸಂಸಾರ. ಆ ಫಾಂಟುಗಳಲ್ಲಿ ಕನ್ನಡದ ಅಕ್ಷರ ಇಂಗ್ಲಿಷಿನ ಮನೆಯಲ್ಲಿ ಬಾಡಿಗೆಗೆ ಇರುತ್ತದೆ: ಕಡತದಲ್ಲಿ ಇರುವುದು ತಲೆಗೆ ಟೋಪಿ ಹಾಕಿದ ಎ, ಬಾಲ ಬಿಟ್ಟ ಸಿ, ಮೇಲೆ ಫಾಂಟಿನ ವೇಷ ಹಾಕಿದರೆ ಮಾತ್ರ ಕನ್ನಡ. ಗ್ರಿಡ್ಡಿನ ಮೈಗೊಂದು ಫಾಂಟು, ತಲೆಬರಹದ ಸಾಲಿಗೆ ಬೇರೆಯೇ ಒಂದು ಫಾಂಟು ಹೇಳಬೇಕು. ಎರಡನೆಯದನ್ನು ನಾನು ಮರೆತಿದ್ದೆ. ಕೆಳಗೆ ಸದಸ್ಯರೆಲ್ಲ ಅಚ್ಚಕನ್ನಡದಲ್ಲಿ ಕೂತಿದ್ದರೆ ಮೇಲೆ ಕಾಲಂ ಹೆಸರುಗಳು ಟೋಪಿ ಬಾಲಗಳಲ್ಲಿ ಕುಣಿಯುತ್ತಿದ್ದವು. ನಿರ್ದೇಶಕರೊಬ್ಬರು ಕನ್ನಡಕ ಏರಿಸಿ ನೋಡಿ, “ಇದು ಸಿರಿಭೂವಲಯದ ಹಂಗೆ ಓದ್ಬೇಕನೋ?” ಎಂದರು. ಓದಿಕೊಂಡ ಮನುಷ್ಯ. ಇಪ್ಪತ್ತೇಳು ಅಡ್ಡ, ಇಪ್ಪತ್ತೇಳು ಉದ್ದ, ಒಟ್ಟು 729 ಚೌಕಗಳ ಚಕ್ರಗಳಲ್ಲಿ 1ರಿಂದ 64ರ ಅಂಕಿಗಳನ್ನಷ್ಟೇ ತುಂಬಿ ಕಾವ್ಯ ಮಾಡಿದ ಕುಮುದೇಂದು ಮುನಿಗೆ ಹೋಲಿಸಿದ್ದಕ್ಕೆ ನಾನು ಹೆಮ್ಮೆ ಪಡಬೇಕಿತ್ತು. ಆ ಹೊತ್ತಿಗೆ ಪಡಲಾಗಲಿಲ್ಲ.

ಅಕಾರಾದಿಯೂ ಹಾಗೆಯೇ ಹಾಳಾಯಿತು. ಯಂತ್ರ ಟೋಪಿ ಬಾಲಗಳ ಲೆಕ್ಕದಲ್ಲಿ ಹೆಸರು ಜೋಡಿಸುತ್ತದೆ, ನಮ್ಮ ವರ್ಣಮಾಲೆಯ ಲೆಕ್ಕದಲ್ಲಲ್ಲ. ಮಾತು ಕೇಳುವ ಅಂಕಿಯೂ ಕೈ ಕೊಟ್ಟಿತು. ಸದಸ್ಯ ಸಂಖ್ಯೆಯನ್ನು ನಾನು ಅಕ್ಷರದ ಜಾತಿಗೆ ಸೇರಿಸಿದ್ದರಿಂದ 1ರ ಮುಂದೆ 10, ಆಮೇಲೆ 100, ಅದೆಲ್ಲ ಮುಗಿದ ಮೇಲೆ 2. ಎರಡನೇ ನಂಬರಿನ ಸದಸ್ಯರು ಊರಿನ ದೊಡ್ಡ ಮನೆಯವರು. ಅವರು ಪರದೆಯಲ್ಲಿ ಸಿಗಬೇಕಾದರೆ ನೂರಕ್ಕೂ ಹೆಚ್ಚು ಜನರನ್ನು ದಾಟಬೇಕಾಯಿತು. ಈ ವಿಷಯ ಹೊರಗೆ ಹೋಗದಂತೆ ಕಾರ್ಯದರ್ಶಿಗಳು ನೋಡಿಕೊಂಡರು.

ಸಾಲಿನ ಮರ್ಯಾದೆಯ ಪ್ರಶ್ನೆ ನನ್ನನ್ನು ಆಮೇಲೂ ಕಾಡಿದೆ. ಈ ಟೇಬಲ್ಲು ಗೀಬಲ್ಲು ಎಲ್ಲಕ್ಕೂ ತಳಪಾಯ ಹಾಕಿದವರು ಐಬಿಎಂನಲ್ಲಿದ್ದ ಎಡ್ಗರ್ ಕಾಡ್. 1970ರ ಜೂನ್‌ನಲ್ಲಿ ಅಚ್ಚಾದ ಅವರ ಪ್ರಬಂಧ ಶುರುವಾಗುವುದು ಹೆಚ್ಚುಕಡಿಮೆ ನನ್ನ ಅತ್ತೆಯ ಧಾಟಿಯಲ್ಲೇ: ಯಂತ್ರದೊಳಗೆ ಮಾಹಿತಿ ಹೇಗೆ ಕೂತಿದೆ ಎಂಬ ತಾಪತ್ರಯ ಬಳಸುವವರಿಗೆ ತಟ್ಟಬಾರದು. ಅವರ ಗಣಿತದಲ್ಲಿ ಸಾಲುಗಳಿಗೆ ಹಿಂದುಮುಂದಿಲ್ಲ. ಯಾರೂ ಮೊದಲಿಗರಲ್ಲ, ಯಾರೂ ಕೊನೆಯವರಲ್ಲ. ‘ಇಂಥ ಕ್ರಮದಲ್ಲಿ ಕೊಡು’ ಎಂದು ನೀವು ಹೇಳದಿದ್ದರೆ ಡೇಟಾಬೇಸ್ ತನಗೆ ತೋಚಿದ ಹಾಗೆ ತಂದು ಸುರಿಯಬಹುದು, ಅದು ತಪ್ಪೂ ಅಲ್ಲ. ಕಾಡ್ ತೀರಿಕೊಂಡದ್ದು ಅದೇ 2003ರ ಏಪ್ರಿಲ್‌ನಲ್ಲಿ. ಅದಾಗಿ ಎರಡು ಮೂರು ತಿಂಗಳಿಗೇ ನಾನು ಅವರ ಸಮಾನತೆಯ ತತ್ತ್ವವನ್ನು ನಮ್ಮ ಸಂಘದ ದೊಡ್ಡ ಮನೆಯವರ ಮೇಲೆ ಪ್ರಯೋಗಿಸಿದ್ದೆ, ಗೊತ್ತಿಲ್ಲದೆ.

ಬಡಿಸುವವ ನಮ್ಮವನಾದರೆ ಕೊನೆಯ ಪಂಕ್ತಿಯಾದರೇನು ಎಂಬ ಗಾದೆಯ ಅರ್ಥ ನನಗೆ ಪೂರ್ತಿ ಆದದ್ದು ಬೆಂಗಳೂರಿನಲ್ಲಿ, ನಾಲ್ಕು ಲಕ್ಷ ಸಾಲಿನ ಒಂದು ಟೇಬಲ್ಲಿನ ಎದುರು. ಬಟನ್ ಒತ್ತಿದರೆ ಪ್ರೋಗ್ರಾಂ ಅಷ್ಟನ್ನೂ ಹೊತ್ತು ತರಲು ಹೋಗಿ ಏದುಸಿರು ಬಿಟ್ಟು ನಿಲ್ಲುತ್ತಿತ್ತು. ಕಿಟಕಿ ಬಿಳುಚಿಕೊಂಡು ‘ನಾಟ್ ರೆಸ್ಪಾಂಡಿಂಗ್’. ಯಾವ ಪರದೆಯಲ್ಲೂ ಒಂದು ಸಲಕ್ಕೆ ಕಾಣುವುದು ಮೂವತ್ತು ನಲವತ್ತು ಸಾಲು. ನಾಲ್ಕು ಲಕ್ಷ ಎಲೆ ಒಟ್ಟಿಗೆ ಹಾಸುವ ಚಪ್ಪರ ಎಲ್ಲಿದೆ? ಪಂಕ್ತಿ ಮಾಡಬೇಕು: ಕೂರುವಷ್ಟು ಜನರಿಗೆ ಎಲೆ, ಎದ್ದರೆ ಗೋಮಯ, ಮತ್ತೆ ಅದೇ ಜಾಗಕ್ಕೆ ಮುಂದಿನವರು. ಡಾಟ್‌ನೆಟ್‌ನವರು 2005ರಲ್ಲಿ ಕೊಟ್ಟ ಡೇಟಾಗ್ರಿಡ್‌ವ್ಯೂನಲ್ಲಿ ಇದಕ್ಕೆ ವರ್ಚುಯಲ್ ಮೋಡ್ ಎಂದು ಹೆಸರು. ಗ್ರಿಡ್ಡು ಕಾಣುವ ಚೌಕಕ್ಕೆ ಮಾತ್ರ ‘ಇಲ್ಲಿಗೆ ಏನು’ ಎಂದು ಕೇಳುತ್ತದೆ. ನೀವು ಅಷ್ಟಕ್ಕೇ ಬಡಿಸುತ್ತೀರಿ. ಜಾವಾದವರ ಜೆಟೇಬಲ್ ಜಿಪುಣತನದಲ್ಲಿ ಇನ್ನೂ ಒಂದು ಕೈ ಮೇಲು. ಒಂದೊಂದು ಚೌಕಕ್ಕೆ ಒಂದೊಂದು ಗೊಂಬೆ ಮಾಡುವ ಬದಲು ಒಂದೇ ಗೊಂಬೆಯನ್ನು ಇಟ್ಟುಕೊಂಡು, ಅದಕ್ಕೇ ಹೆಸರು ಬದಲಾಯಿಸಿ ಬದಲಾಯಿಸಿ, ರಬ್ಬರ್ ಸ್ಟಾಂಪಿನ ಹಾಗೆ ಚೌಕದಿಂದ ಚೌಕಕ್ಕೆ ಒತ್ತುತ್ತ ಹೋಗುತ್ತದೆ. ಕಾರ್ಯದರ್ಶಿಗಳಿಗೆ ಇದನ್ನು ಹೇಳಿದ್ದರೆ ತಟ್ಟನೆ ಅರ್ಥವಾಗುತ್ತಿತ್ತು. ಸಂಘದ ರಬ್ಬರ್ ಸ್ಟಾಂಪು ಒಂದೇ, ಅದರ ಹಿಂದಿನ ಮುಖಗಳು ಬೇರೆ ಬೇರೆ.

ತಾರೀಕಿನ ತಪ್ಪನ್ನು ಮಾತ್ರ ಇವತ್ತಿಗೂ ನೆನೆಸಿಕೊಂಡರೆ ಮೈ ಬಿಸಿಯಾಗುತ್ತದೆ. ಆಕ್ಸೆಸ್‌ನ ಎಂಜಿನ್ನಿಗೆ ಪ್ರಶ್ನೆಯೊಳಗೆ ತಾರೀಕು ಹೇಳುವಾಗ ಅಮೆರಿಕದ ರೀತಿ, ತಿಂಗಳು ಮೊದಲು. ನಾನು ನಮ್ಮ ರೀತಿ ಹೇಳಿದೆ. ಜೂನ್ 5ಕ್ಕೆ ಕೊಟ್ಟ ಸಾಲ ಮೇ 6ಕ್ಕೆ ಹೋಗಿ ಕೂತಿತು, ಒಂದು ತಿಂಗಳ ಬಡ್ಡಿ ಮೇಲೆ. ಎಲ್ಲ ತಾರೀಕೂ ತಪ್ಪಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಆದರೆ ಆ ಎಂಜಿನ್ನು ಉಪಕಾರಿ. ಜೂನ್ 13 ಎಂದು ಕೊಟ್ಟರೆ, ಹದಿಮೂರನೇ ತಿಂಗಳು ಇಲ್ಲವಲ್ಲ ಎಂದು ತಾನೇ ತಿರುಗಿಸಿ ಸರಿ ಮಾಡಿಕೊಳ್ಳುತ್ತದೆ. ಹಾಗಾಗಿ ಪ್ರತಿ ತಿಂಗಳ ಮೊದಲ ಹನ್ನೆರಡು ದಿನ ಸುಳ್ಳು, ಉಳಿದ ದಿನ ಸತ್ಯ. ಸುಳ್ಳಿನ ನಡುವೆಯೂ ಜೂನ್ 6ರಂಥ ದಿನ ತಾನಾಗಿ ಸತ್ಯ. ನಾನು ಪರೀಕ್ಷೆ ಮಾಡಿದ್ದು ಇಪ್ಪತ್ತನೇ ತಾರೀಕಿನಂದು.

ನಲ್ ಎಂಬ ಮಾಯೆಯೂ ಇತ್ತು. ಅಡಿಕೆ ತೂಕದ ಪಟ್ಟಿಯಲ್ಲಿ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳಿಗೋಟು ಎಂದು ಕಾಲಂಗಳು. ಚಾಲಿ ತರದವರ ಚಾಲಿ ಎಷ್ಟು? ಸೊನ್ನೆ ಎಂದರೆ ತಂದು ತೂಗಿದ್ದು ಸೊನ್ನೆ ಎಂದಾಗುತ್ತದೆ. ಖಾಲಿ ಬಿಟ್ಟರೆ ಡೇಟಾಬೇಸ್ ಅದನ್ನು ನಲ್ ಎಂದು ಹಿಡಿಯುತ್ತದೆ: ಇಲ್ಲವೂ ಅಲ್ಲ, ಸೊನ್ನೆಯೂ ಅಲ್ಲ, ಗೊತ್ತಿಲ್ಲ. ಇದನ್ನು ತಂದು ಪರದೆಯ ಚೌಕದಲ್ಲಿ ಇಡಹೋದರೆ ವಿಷುಯಲ್ ಬೇಸಿಕ್ ‘ಇನ್‌ವ್ಯಾಲಿಡ್ ಯೂಸ್ ಆಫ್ ನಲ್, ದೋಷ 94’ ಎಂದು ಕೂಗಿ ಪ್ರೋಗ್ರಾಮನ್ನೇ ಮುಚ್ಚಿಬಿಡುತ್ತಿತ್ತು. ಪರಿಹಾರ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಆ ‘ಗೊತ್ತಿಲ್ಲ’ದ ಬಾಲಕ್ಕೆ ಏನೂ ಬರೆಯದ ಒಂದು ಜೊತೆ ಉದ್ಧರಣ ಚಿಹ್ನೆ ಅಂಟಿಸುವುದು. ಖಾಲಿಗೆ ಖಾಲಿ ಸೇರಿಸಿದರೆ ಅದು ಗಪ್‌ಚುಪ್. ಖಾತೆ ಪುಸ್ತಕದಲ್ಲಿ ಈ ರಗಳೆಯೇ ಇರಲಿಲ್ಲ. ಇಲ್ಲದ್ದಕ್ಕೆ ಒಂದು ಅಡ್ಡಗೆರೆ, ಮೇಲಿನದ್ದೇ ಆದರೆ ‘ಸದರಿ’, ಗೊತ್ತಿಲ್ಲದ್ದಕ್ಕೆ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ.

ಇಷ್ಟೆಲ್ಲ ಹೇಳಿದ್ದು ಕಾಲಂ ಅಗಲದ ವಿಷಯಕ್ಕೆ ಬರಲು. ವಿಷುಯಲ್ ಬೇಸಿಕ್ಕಿನಲ್ಲಿ ಅಗಲ ಅಳೆಯುವುದು ಟ್ವಿಪ್ ಎಂಬ ಮಾನದಲ್ಲಿ. ಅಂಗುಲಕ್ಕೆ 1440 ಟ್ವಿಪ್. ಎಕರೆಗೆ ನಲವತ್ತು ಗುಂಟೆ, ಗುಂಟೆಗೆ ಹದಿನಾರು ಆಣೆ ಎಂದು ಪಾಲಾಗುವ ನಮ್ಮೂರ ತೋಟಗಳೂ ಇಷ್ಟು ಸಣ್ಣಕ್ಕೆ ಹೋಳಾಗಿಲ್ಲ, ಇನ್ನೊಂದೆರಡು ತಲೆಮಾರು ಬೇಕು. ಇಡೀ ಪರದೆಯೇ 800 ಚುಕ್ಕಿ, ಕಾಲಂ ಹದಿನಾಲ್ಕು. ಒಬ್ಬರ ಅಗಲ ಕಿತ್ತು ಇನ್ನೊಬ್ಬರಿಗೆ ಕೊಡಬೇಕು. ಹೆಸರಿನ ಕಾಲಂ ಕಿರಿದು ಮಾಡಿದೆ. ಸಂಘದಲ್ಲಿ ಹನ್ನೊಂದು ಮಂದಿ ಗಣಪತಿಗಳಿದ್ದರು, ಹನ್ನೊಂದೂ ‘ಗಣಪತಿ ರಾ’ ಎಂಬಲ್ಲಿಗೆ ಕತ್ತರಿಸಿ ಒಂದೇ ಆದರು. ಖಾತೆ ಪುಸ್ತಕದಲ್ಲಿ ಅವರು ಮೇಲಿನಮನೆ ಗಣಪತಿ, ಹೊಳೆಯಾಚೆ ಗಣಪತಿ, ಮಿಲಿಟರಿ ಗಣಪತಿ ಎಂದು ಬಿಡಿಬಿಡಿಯಾಗಿದ್ದರು. ಬರೆದದ್ದು ಎಲ್ಲಿ? ಷರಾದಲ್ಲಿ.

ಆ ಷರಾವನ್ನು ನಾನು ಬಲತುದಿಯಲ್ಲಿ, ಉಳಿದ ಕಾಲಂಗಳೆಲ್ಲ ಉಂಡೆದ್ದ ಮೇಲೆ ಮಿಕ್ಕ ಜಾಗದಲ್ಲಿ ಕೂರಿಸಿದ್ದೆ. ಪರೀಕ್ಷೆಗೆ ಅದರಲ್ಲಿ ‘ಸರಿ ಇದೆ’ ಎಂದು ಟೈಪಿಸಿ ನೋಡಿದ್ದೆ. ಸರಿಯಾಗೇ ಇತ್ತು.

ಅಕ್ಟೋಬರಿನಲ್ಲಿ ತಾರೀಕು ರಿಪೇರಿಗೆಂದು ಹೋದ ದಿನ, ನಿವೃತ್ತ ಕನ್ನಡ ಮಾಸ್ತರೊಬ್ಬರು ಕೊಡೆ ಮಡಿಸಿ ಬಾಗಿಲಿಗೆ ಒರಗಿಸಿ ಒಳಗೆ ಬಂದರು. ಚೀಲದಿಂದ ಸಂಘದ ನೋಟಿಸು ತೆಗೆದು ಮೇಜಿನ ಮೇಲಿಟ್ಟರು. ನೋಟಿಸಿನ ತುಂಬ ಕೆಂಪು ಶಾಯಿ. ಅಲ್ಪಪ್ರಾಣ ಮಹಾಪ್ರಾಣಗಳ ಸುತ್ತ ವೃತ್ತ, ಒಂದು ಕಡೆ ‘ಕರ್ತೃ ಎಲ್ಲಿ?’, ಕೆಳಗೆ ‘35/100. ಪಾಸು’ ಎಂದು ಸಹಿ. ಅವರದ್ದು ಸ್ವಂತ ಸಾಲವೂ ಅಲ್ಲ, ಬಡಪಾಯಿಯೊಬ್ಬನಿಗೆ ಜಾಮೀನು ನಿಂತದ್ದು. ಆತ ಕಂತಿನಲ್ಲಿ ತೀರಿಸುತ್ತಿದ್ದ. ಕಾರ್ಯದರ್ಶಿಗಳೇ ಮಾಸ್ತರಿಗೆ ತೊಂದರೆ ಕೊಡುವುದಿಲ್ಲ ಎಂದು ಮಾತು ಕೊಟ್ಟಿದ್ದರು.

“ನಾನು ಷರಾದಲ್ಲಿ ಬರೆದೇ ಇಟ್ಟಿದ್ದೆ ಮಾರಾಯ್ರೆ,” ಎಂದು ಕಾರ್ಯದರ್ಶಿಗಳು ಕೈಕೈ ಹಿಸುಕಿಕೊಂಡರು.

ಹೊಸದಾಗಿ ಸೇರಿದ ಗುಮಾಸ್ತ ಹುಡುಗ ತಡವರಿಸುತ್ತ ಹೇಳಿದ: “ಷರಾ ನೋಡೇ ಕಳ್ಸಿದ್ದು ಸಾರ್.”

ಗ್ರಿಡ್ಡು ತೆಗೆದೆ. ಮಾಸ್ತರ ಸಾಲಿಗೆ ಹೋದೆ. ಷರಾದಲ್ಲಿ ಹೀಗಿತ್ತು: ‘ಬಾಕಿ ಬಗ್ಗೆ ಪುಟ 46 ನೋಡುವುದು. ನೋಟಿಸು ಕಳಿಸುವುದು’. ಕಚೇರಿ ಕನ್ನಡದಲ್ಲಿ ‘ಕಳಿಸುವುದು’ ಎಂದರೆ ಆಜ್ಞೆ. ಹುಡುಗ ಚಾಚೂ ತಪ್ಪದೆ ಪಾಲಿಸಿದ್ದ. ವಾಕ್ಯದ ಕೊನೆಗೆ ಚುಕ್ಕಿ ಇರಲಿಲ್ಲ. ಹಾಗೆಂದು ಅದನ್ನು ಅನುಮಾನಿಸಲು ಅವನೇನು ಮಾಸ್ತರಲ್ಲ. ಮಿಕ್ಕದ್ದು ಇನ್ನೂ ಇದೆ ಎಂಬ ಸೂಚನೆಗೆ ಮೂರು ಚುಕ್ಕಿ ಹಾಕುವ ಸೌಜನ್ಯ ಆ ಗ್ರಿಡ್ಡಿಗೆ ಇರಲಿಲ್ಲ. ಕತ್ತಿಯಲ್ಲಿ ಕೊಯ್ದ ಹಾಗೆ, ಅಷ್ಟೆ.

ಪಕ್ಕದ ‘ಅಂಚೆ’ ಕಾಲಂ ಒತ್ತಿ ಕಿರಿದು ಮಾಡಿಕೊಂಡೆ. ಷರಾದ ಅಂಚಿನ ಗೆರೆಯ ಮೇಲೆ ಬಾಣ ಇಟ್ಟಾಗ ಅದು ಎರಡು ಮುಖದ ಬಾಣವಾಯಿತು. ಒತ್ತಿ ಹಿಡಿದು, ಬಲಕ್ಕೆ ಎಳೆದು ಬಿಟ್ಟೆ. ‘ಬೆ’ ಬಂತು. ಇನ್ನಷ್ಟು ಎಳೆದು ಬಿಟ್ಟೆ. ಬಾಡಿಗೆ ಫಾಂಟಿನಲ್ಲಿ ದೀರ್ಘಕ್ಕೆ ಬೇರೆಯೇ ಚಿಹ್ನೆ, ಅದೊಂದು ಬಂತು. ಮೂರನೆಯ ಸಲಕ್ಕೆ ‘ಡ’.

ನಾಲ್ವರೂ ಪರದೆ ನೋಡುತ್ತ ನಿಂತೆವು.

“ಹಂಗಾದ್ರೆ ಬೇಡ ಅನ್ನೋದು ಒಳಗೇ ಇತ್ತು?” ಎಂದರು ಮಾಸ್ತರು.

“ಇತ್ತು ಮಾಸ್ತರೆ.”

“ಯಾವಾಗಿಂದ?”

“ಮೊದಲಿಂದ್ಲೂ.”

ಮಾಸ್ತರು ಸ್ವಲ್ಪ ಹೊತ್ತು ಸುಮ್ಮನಿದ್ದು, ತರಗತಿಯ ದನಿಯಲ್ಲಿ ಹೇಳಿದರು: “ಇಂಗ್ಲಿಷಿನವನು ಡು ನಾಟ್ ಅಂತ ಮೊದಲೇ ಹೇಳಿ ಕೂತ್ಕೊಳ್ತಾನೆ. ಅವನ ವಾಕ್ಯದ ಬಾಲ ಕೊಯ್ದರೂ ಪ್ರಾಣ ಹೋಗೋದಿಲ್ಲ. ನಮ್ಮದು ಹಂಗಲ್ಲ. ಬೇಡ, ಇಲ್ಲ, ಬಾರದು, ಕೂಡದು, ಎಲ್ಲ ಕಡೆಗೇ ಬರೋದು. ನಿಮ್ಮ ಕಾಲಂಗೆ ಕನ್ನಡ ಗೊತ್ತಿಲ್ಲ ತಮ್ಮಾ.” ನೋಟಿಸು ಮಡಿಸಿ ಚೀಲಕ್ಕೆ ಹಾಕಿಕೊಂಡರು. ಕಷಾಯ ಕುಡಿದೇ ಹೋದರು.

ಆ ರಾತ್ರಿ ಕೂತು ಉಪಾಯ ಹುಡುಕಿದೆ. ಷರಾವನ್ನು ಎಡಕ್ಕೆ, ಹೆಸರಿನ ಪಕ್ಕಕ್ಕೇ ತಂದೆ. ಕಾರ್ಯದರ್ಶಿಗಳು ಬೆಳಿಗ್ಗೆ ನೋಡಿ ಹೌಹಾರಿದರು. ಯಾವ ಇಲಾಖೆಯ ಯಾವ ಪುಸ್ತಕದಲ್ಲೂ ಷರಾ ಮೊದಲು ಬಂದದ್ದಿಲ್ಲ, ಆಡಿಟರು ಬಂದರೆ ಏನೆಂದು ಹೇಳುವುದು? ಮತ್ತೆ ಬಲಕ್ಕೆ ಹಾಕಿ, ಚೌಕದೊಳಗೇ ಎರಡನೇ ಸಾಲಿಗೆ ಇಳಿಯುವಂತೆ ಮಾಡಿದೆ. ಆದರೆ ಡೇಟಾಗ್ರಿಡ್‌ನಲ್ಲಿ ಸಾಲಿನ ಎತ್ತರ ಎಲ್ಲರಿಗೂ ಒಂದೇ. ಮಾಸ್ತರ ‘ಬೇಡ’ಕ್ಕಾಗಿ ಮುನ್ನೂರು ಚಿಲ್ಲರೆ ಸದಸ್ಯರೂ ದುಪ್ಪಟ್ಟು ಎತ್ತರವಾದರು, ಪರದೆಯಲ್ಲಿ ಇಪ್ಪತ್ತನಾಲ್ಕು ಸಾಲು ಕಾಣುತ್ತಿದ್ದಲ್ಲಿ ಹನ್ನೆರಡು. ಸಂಜೆಯ ಬಾಣ ಒತ್ತುವ ಕೆಲಸ ದುಪ್ಪಟ್ಟಾಯಿತೆಂದು ಅಧ್ಯಕ್ಷರು ಒಪ್ಪಲಿಲ್ಲ. ಕೊನೆಗೆ ಹಿಂದೆ ಇದ್ದ ಹಾಗೇ ಮಾಡಿ, ಗೆರೆ ಎಳೆದು ನೋಡುವುದನ್ನು ಹುಡುಗನಿಗೆ ಕಲಿಸಿ ಬಸ್ಸು ಹತ್ತಿದೆ.

ಡಿಸೆಂಬರಿನಲ್ಲಿ ಮತ್ತೆ ಹೋದಾಗ ಕಾರ್ಯದರ್ಶಿಗಳು ತಾವೇ ದಾರಿ ಕಂಡುಕೊಂಡಿದ್ದರು. ಷರಾ ಕಾಲಂನಲ್ಲಿ ಮೇಲಿನಿಂದ ಕೆಳಗಿನ ತನಕ ಹೀಗೆ: ‘ಬೇಡ: ನೋಟಿಸು ಕಳಿಸುವುದು’. ‘ಇಲ್ಲ: ಜಾಮೀನು ಪತ್ರ ಬಂದಿರುವುದು’. ‘ಕೂಡದು: ಇವರ ಮಗನ ಹತ್ತಿರ ದುಡ್ಡು ಕೊಡುವುದು’. ಮಾಸ್ತರಿಗೆ ತೋರಿಸಿದಿರಾ ಎಂದು ಕೇಳಿದೆ. ತೋರಿಸಿದ್ದರಂತೆ. ಐದು ಅಂಕ ಕಳೆದು, ಉಳಿದದ್ದು ಕೊಟ್ಟರಂತೆ.

ಕಳೆದ ವರ್ಷ ವಾರ್ಷಿಕ ಸಭೆಗೆ ಹೋಗಿದ್ದೆ. ನನ್ನ ಪ್ರೋಗ್ರಾಂ ಯಾವಾಗಲೋ ಮೂಲೆ ಸೇರಿದೆ. ಹೊಸದನ್ನು ಬೇರೆಯವರು ಮಾಡಿಕೊಟ್ಟಿದ್ದಾರೆ. ಯೂನಿಕೋಡ್ ಕನ್ನಡ, ಅಕಾರಾದಿ ಸರಿ, ಕಾಲಂ ತಾನಾಗಿ ಹಿಗ್ಗುತ್ತದೆ. ಮಾನಿಟರು ಗೋಡೆಯ ಕ್ಯಾಲೆಂಡರನ್ನೇ ಮುಚ್ಚುವಷ್ಟು ಅಗಲ. ಆಗಿನ ಗುಮಾಸ್ತ ಹುಡುಗನೇ ಈಗ ಕಾರ್ಯದರ್ಶಿ, ತಲೆಯಲ್ಲಿ ಅಲ್ಲಲ್ಲಿ ಬಿಳಿ. ಯಾರದ್ದೋ ಸಾಲು ತೆಗೆದು ಷರಾ ತುಂಬುತ್ತಿದ್ದ. ನಾನು ಅವನ ಹೆಗಲ ಮೇಲಿಂದ ಇಣುಕಿದೆ.

‘ಬೇಡ: ಬಡ್ಡಿ ಹಾಕುವುದು.’

ಅದರ ಬಲಕ್ಕೆ ಒಂದು ಗೇಣು ಜಾಗ ಖಾಲಿ ಬಿದ್ದಿತ್ತು.